ಗ್ರಂಥದ ಹೊಲಿಗೆಯೂ ಅದರ ಅಲಂಕಾರವೂ

ಗ್ರಂಥ, ಸೂತ್ರ, ಪ್ರಬಂಧ, ನಿಬಂಧ ಎಂಬ ಶಬ್ದಗಳೆಲ್ಲವೂ ದಾರ ಮತ್ತು ಗಂಟುಗಳ ಬಳಗಕ್ಕೆ ಸೇರಿದುವು. ಗ್ರಂಥಶಬ್ದದ ಧಾತುವಿಗೆ ಪೋಣಿಸುವುದು, ಕಟ್ಟುವುದು ಎಂದು ಅರ್ಥ, ಸೂತ್ರವೆಂದರೆ ನೂಲು, ಉಳಿದೆರಡರಲ್ಲಿ ಬಂಧನವು ಸ್ಪಷ್ಟವಾಗಿಯೇ ಇದೆ. ಓಲೆಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು ಇಡುತ್ತಿದ್ದ ಲಿಪಿಕಾರರು ಕಟ್ಟಿನ ಬೆಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪ್ರತಿಯ ಕೊನೆಯಲ್ಲಿ ಅವರು ಬರೆಯುತ್ತಿದ್ದ ಪ್ರಸಿದ್ಧವಾದ ಒಂದು ಪ್ರಾರ್ಥನೆಯಲ್ಲಿ ಪುಸ್ತಕವೇ ಬಾಯಿಬಿಟ್ಟು ಓದುಗನನ್ನು ಬೇಡಿಕೊಳ್ಳುವುದು. ಅಲ್ಲಿ ಎಣ್ಣೆ ನೀರುಗಳ ಪಂಕ್ತಿಯಲ್ಲಿಯೇ ಸಡಿಲವಾದ ಕಟ್ಟನ್ನೂ ಶತ್ರುವೆಂದು ಎಣಿಸಿದೆ. ಅಕ್ಷರವನ್ನು ಉಳಿಸುವ ಕೆಲಸದಲ್ಲಿ ಮಸಿಗೆ ಎಷ್ಟು ಪಾಲೋ ದಾರಕ್ಕೂ ಅಷ್ಟೇ ಪಾಲು ಎಂಬುದು ಇದರಿಂದ ತಿಳಿಯುವುದು.

ಈಚಿನ ಕೆಲವು ದಶಕಗಳಿಂದ ಯುರೋಪು ಅಮೆರಿಕಗಳಲ್ಲಿ ಕೈಯಿಂದ ಪುಸ್ತಕ ಕಟ್ಟುವ ವಿದ್ಯೆಗೆ ಹೊಸ ಜೀವ ಬಂದಿದೆ. ಎಲೆಗಳನ್ನು ಅಂಟಿನಿಂದ ಹಿಡಿದಿಡುವ ಕೆಲಸವನ್ನು ಯಂತ್ರವು ವಹಿಸಿಕೊಂಡ ಮೇಲೆ ಕೈಗಸಬಿನವರು ಪುಸ್ತಕದ ಬೆನ್ನನ್ನು ಚರ್ಮದಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚದೆ, ಬಣ್ಣದ ದಾರದ ಹೊಲಿಗೆಯನ್ನೇ ಹೊರಗೆ ಕಾಣಿಸತೊಡಗಿದರು. ಸರಪಣಿ, ಆಮೆಯ ಚಿಪ್ಪು, ಭಂಗಿಯೆಲೆ, ಕಂಬಳಿಹುಳು ಎಂದು ಹೊಲಿಗೆಗಳಿಗೆ ಹೆಸರುಗಳೂ ಪ್ರಚಾರಕ್ಕೆ ಬಂದುವು. ಅಮೆರಿಕದ ಕೀತ್ ಸ್ಮಿತ್ ಎಂಬಾತನು ೧೯೯೦ರ ದಶಕದಲ್ಲಿ ಅಂಟಿಲ್ಲದ ಕಟ್ಟುಗಳನ್ನು ಕುರಿತು ಸಂಪುಟಗಳನ್ನೇ ಬರೆದನು. ನೋಡಿದವರು ಇವನ್ನು ಮೆಚ್ಚುವರು, ಮೆಚ್ಚತಕ್ಕದ್ದೂ ಉಂಟು. ಆದರೆ ಕಣ್ಣಿಗೆ ಹಿತವಾದ ಮಾತ್ರಕ್ಕೆ ಹೊಲಿಗೆಯು ಒಳ್ಳೆಯದಾಗುವುದೇ ಎಂಬ ಪ್ರಶ್ನೆ ಉಳಿಯುವುದು. ಪುಸ್ತಕವು ಓದುವ ವಸ್ತು. ಓದಿಗೆ ಒದಗದ ಅಲಂಕಾರವನ್ನು ಯಾವ ಸ್ಥಾನದಲ್ಲಿ ಇಡಬೇಕೆಂಬುದು ವಿಚಾರ್ಯ.

ಇದಕ್ಕೆ ಬೇಕಾದ ಅಳತೆಗೋಲು ಅಲಂಕಾರಶಾಸ್ತ್ರದಲ್ಲಿಯೇ ದೊರೆಯುವುದು. ಪದಗಳ ಜೋಡಣೆಗೆ ಆಲಂಕಾರಿಕರು ಕೊಟ್ಟ ಹೆಸರೇ ಬಂಧ. ದಂಡಿಯು ಶ್ಲೇಷವೆಂಬ ಗುಣವನ್ನು ನಿರೂಪಿಸುವಾಗ ಅದಕ್ಕೆ ಶೈಥಿಲ್ಯದ ಸೋಂಕೂ ಇರಬಾರದೆಂದನು. ವಾಮನನು ಬಂಧದ ಬಿಗಿಯನ್ನು ಓಜಸ್ಸೆಂದು ಕರೆದು, ಅದರ ಬೆನ್ನಿಗೇ ಸಡಿಲವನ್ನು ಪ್ರಸಾದವೆಂಬ ಗುಣವನ್ನಾಗಿ ಎಣಿಸಿದನು. ಸಡಿಲವು ದೋಷವಲ್ಲವೆ ಎಂಬ ಆಕ್ಷೇಪಕ್ಕೆ ಅವನು ಹೇಳುವ ಸಮಾಧಾನ ಇಷ್ಟೆ: ಬರಿಯ ಸಡಿಲವು ದೋಷವೇ ಸರಿ, ಓಜಸ್ಸಿನೊಡನೆ ಬೆರೆತಾಗ ಅದೇ ಗುಣವಾಗುವುದು. ಕಾವ್ಯಕ್ಕಾಗಿ ಹೇಳಿದ ಈ ಮಾತು ಗ್ರಂಥದ ಹೊಲಿಗೆಗೆ ಅಕ್ಷರಶಃ ಸಲ್ಲುವುದು. ಎಲೆಗಳು ಕಳಚದಂತೆ ಹಿಡಿಯುವುದು ಹೊಲಿಗೆಯ ಓಜಸ್ಸು. ಪುಸ್ತಕವನ್ನು ತೆರೆದಿಟ್ಟರೆ ಕೈಯ ಬಲಾತ್ಕಾರವಿಲ್ಲದೆ ತಾನಾಗಿ ಮಲಗುವುದು ಅದರ ಪ್ರಸಾದ. ಬಿಗಿಯೊಂದೇ ಇದ್ದರೆ ಪುಸ್ತಕ ತೆರೆಯದು. ಸಡಿಲವೊಂದೇ ಇದ್ದರೆ ಪುಸ್ತಕ ಉಳಿಯದು. ಇವೆರಡರ ಜೊತೆಗೆ ಆನಂದವರ್ಧನನ ನಿಯಮವನ್ನೂ ಸೇರಿಸಿಕೊಳ್ಳಬೇಕು. ಅಲಂಕಾರಕ್ಕಾಗಿ ಕವಿಯು ಬೇರೆ ಯತ್ನ ಮಾಡಬಾರದು, ರಸಕ್ಕಾಗಿ ಮಾಡಿದ ಯತ್ನದಲ್ಲಿಯೇ ಅದು ಸಿದ್ಧಿಸಬೇಕೆಂಬುದು ಅವನ ಮತ. ಹೊಲಿಗೆಯಲ್ಲಿ ಹೇಳುವುದಾದರೆ, ಎಲೆಗಳನ್ನು ಹಿಡಿಯಲು ಹೋದ ದಾರವೇ ಹೋದ ದಾರಿಯಲ್ಲಿ ಚೆಲುವಾಗಿ ಕಾಣಬೇಕು. ಈ ಮೂರು ಪರೀಕ್ಷೆಗಳಿಂದ ಪ್ರಸಿದ್ಧವಾದ ಕೆಲವು ಹೊಲಿಗೆಗಳನ್ನು ತೂಗಬಹುದು.

ಮೊದಲು ಕೆಲಸದ ಸ್ವರೂಪ. ಕಾಗದದ ಹಾಳೆಗಳನ್ನು ನಡುವೆ ಮಡಿಸಿ ಒಂದರೊಳಗೊಂದನ್ನು ಇಟ್ಟರೆ ಒಂದು ಕಟ್ಟಾಗುವುದು. ಅಚ್ಚುಕೂಟದವರು ಅದನ್ನು ಫಾರಂ ಎನ್ನುವರು. ಅನೇಕ ಫಾರಂಗಳು ಒಂದರ ಮೇಲೊಂದು ಕುಳಿತು ಪುಸ್ತಕವಾಗುವುದು. ದಾರವು ಪ್ರತಿಯೊಂದು ಫಾರಮಿನ ಮಡಿಕೆಯ ನಡುವೆ ಹಾಯ್ದು ಅದನ್ನು ಪಕ್ಕದ ಫಾರಮಿಗೆ ಸೇರಿಸಿದರೆ ಎಲೆಗಳು ಮಡಿಕೆಯವರೆಗೂ ತೆರೆಯುವುವು. ಮಡಿಕೆಯನ್ನು ಬಿಟ್ಟು ಅಂಚಿನ ಒಳಭಾಗದಲ್ಲಿ ಎಲ್ಲ ಎಲೆಗಳನ್ನೂ ಒಟ್ಟಿಗೆ ಚುಚ್ಚಿ ಹೊಲಿದರೆ ಎಲೆಯು ಹೊಲಿಗೆಯ ಗೆರೆಯವರೆಗೆ ಮಾತ್ರ ತೆರೆಯುವುದು. ಲೋಕದ ಹೊಲಿಗೆಗಳಲ್ಲಿ ಬಹುಪಾಲು ಈ ಎರಡು ಕುಲಗಳಲ್ಲಿ ಒಂದಕ್ಕೆ ಸೇರಿದುವು.

ಮಡಿಕೆಯ ಹೊಲಿಗೆಯಲ್ಲಿ ಈಜಿಪ್ಟಿನ ಕೋಪ್ಟ ಕ್ರೈಸ್ತರ ಸರಪಣಿ ಹೊಲಿಗೆಯು ಅತ್ಯಂತ ಹಳೆಯವುಗಳಲ್ಲಿ ಒಂದು. ಆ ದೇಶದ ನಾಗ್ ಹಮ್ಮಾಡಿಯ ಬಳಿ ೧೯೪೫ರಲ್ಲಿ ಮಣ್ಣಿನ ಗುಡಾಣದೊಳಗೆ ದೊರೆತ ನಾಲ್ಕನೆಯ ಶತಮಾನದ ಪಪೈರಸ್ ಪುಸ್ತಕಗಳು ಬಹುಪಾಲು ಒಂದೇ ಫಾರಮಿನವು. ಎಲ್ಲ ಹಾಳೆಗಳನ್ನೂ ಒಟ್ಟಿಗೆ ಮಡಿಸಿದಾಗ ಬೆನ್ನು ಉಬ್ಬುವುದು. ಒಳಗಿನ ಹಾಳೆಗಳು ಹೊರಗಿನವನ್ನು ಮೀರಿ ಮುಂದಕ್ಕೆ ಚಾಚುವುವು. ದೊಡ್ಡ ಗ್ರಂಥಕ್ಕೆ ಈ ಉಪಾಯ ಸಾಲದು. ಸಣ್ಣ ಸಣ್ಣ ಫಾರಂಗಳನ್ನು ಮಾಡಿ ಅವನ್ನು ಒಂದಕ್ಕೊಂದು ಕೊಂಡಿ ಹಾಕುವ ಹೊಲಿಗೆಯು ಈ ಕೊರತೆಯನ್ನು ನೀಗಿತು. ಸೂಜಿಯು ಮಡಿಕೆಯೊಳಗಿಂದ ಹೊರಬಂದು, ಕೆಳಗಿನ ಫಾರಮಿನ ಹೊಲಿಗೆಯನ್ನು ಬಳಸಿ, ಬಂದ ತೂತಿನಲ್ಲಿಯೇ ಹಿಂದಿರುಗುವುದು. ಹೀಗೆ ಫಾರಮಿನ ಮೇಲೆ ಫಾರಂ ಏರಿದಂತೆ ಬೆನ್ನಿನ ಮೇಲೆ ಜಡೆ ಹೆಣೆದಂತಹ ಸಾಲುಗಳು ಮೂಡುವುವು. ಇಲ್ಲಿ ಅಂದಕ್ಕಾಗಿ ಹಾಕಿದ ಒಂದು ಸುತ್ತೂ ಇಲ್ಲ. ಜಡೆಯ ಒಂದು ಎಸಳನ್ನು ಕತ್ತರಿಸಿದರೆ ಒಂದು ಫಾರಮಿನ ಹಿಡಿತ ಸಡಿಲುವುದು. ಬೆನ್ನಿಗೆ ಅಂಟಿನ ಹಂಗಿಲ್ಲದ ಕಾರಣ ಪುಸ್ತಕವು ಎಲ್ಲಿ ತೆರೆದರೆ ಅಲ್ಲಿ ಮಲಗುವುದು. ಮೂರು ಪರೀಕ್ಷೆಗಳಲ್ಲಿಯೂ ಈ ಹೊಲಿಗೆ ಗೆಲ್ಲುವುದು.

ಇದರ ಬಾಳಿಕೆಗೆ ಸಾಕ್ಷಿ ಇಂಗ್ಲೆಂಡಿನಲ್ಲಿದೆ. ಸಂತ ಕತ್‌ಬರ್ಟನ ಸುವಾರ್ತೆಯೆಂದು ಹೆಸರಾದ ಲ್ಯಾಟಿನ್ ಪುಸ್ತಕವು ಎಂಟನೆಯ ಶತಮಾನದ ಆದಿಭಾಗದಲ್ಲಿ ನಾರ್ಥಂಬ್ರಿಯದಲ್ಲಿ ಸಿದ್ಧವಾದುದು. ಎತ್ತರ ಸುಮಾರು ೧೪ ಸೆಂಟಿಮೀಟರು, ಅಗಲ ೯ ಸೆಂಟಿಮೀಟರು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ೧೧೦೪ರಲ್ಲಿ ಡರ್‌ಹ್ಯಾಮಿನಲ್ಲಿ ಆ ಸಂತನ ಶವಪೆಟ್ಟಿಗೆಯನ್ನು ತೆರೆದಾಗ ಇದು ಕಾಣಿಸಿತು. ೨೦೧೨ರಲ್ಲಿ ಬ್ರಿಟಿಷ್ ಲೈಬ್ರರಿಯು ೯೦ ಲಕ್ಷ ಪೌಂಡುಗಳನ್ನು ತೆತ್ತು ಇದನ್ನು ಕೊಂಡುಕೊಂಡಿತು. ಮೂಲದ ಕಟ್ಟು ಕೆಡದೆ ಉಳಿದಿರುವ ಯುರೋಪಿನ ಪುಸ್ತಕಗಳಲ್ಲಿ ಇದೇ ಅತಿ ಪ್ರಾಚೀನವೆಂದು ಪ್ರಸಿದ್ಧಿ. ಇದರ ಹೊಲಿಗೆಯೂ ಕೋಪ್ಟರ ಕ್ರಮದ್ದೇ. ಗಮನಿಸಬೇಕಾದ ಸಂಗತಿಯೆಂದರೆ, ಮರದ ಹಲಗೆಗಳನ್ನೂ ಬೆನ್ನನ್ನೂ ಒಟ್ಟಿಗೆ ಕೆಂಪು ಚರ್ಮವು ಮುಚ್ಚಿರುವುದರಿಂದ ಆ ಸರಪಣಿಯು ಕಾಣುವುದೇ ಇಲ್ಲ. ಹೊಲಿದವನು ಯಾರ ಮೆಚ್ಚುಗೆಗೂ ಅದನ್ನು ಹೊಲಿಯಲಿಲ್ಲ. ಸಾವಿರದ ಮುನ್ನೂರು ವರ್ಷ ಪುಸ್ತಕವನ್ನು ಹಿಡಿದಿಟ್ಟದ್ದು ಆ ಕಾಣದ ಹೊಲಿಗೆ. ಇದೇ ಕುಲದ ಇನ್ನೊಂದು ಶಾಖೆ ಇಥಿಯೋಪಿಯದಲ್ಲಿ ಇಂದಿಗೂ ಬದುಕಿದೆ. ಅಲ್ಲಿಯ ಅನೇಕ ಗ್ರಂಥಗಳಲ್ಲಿ ಮರದ ಹಲಗೆಗಳಿಗೆ ಹೊದಿಕೆಯಿಲ್ಲ. ಜೋಡಿ ತೂತುಗಳ ನಡುವೆ ಏರುವ ಸರಪಣಿಗಳು ಬೆನ್ನಿನ ಮೇಲೆ ತೆರೆದೇ ಕಾಣುವುವು. ಮುಚ್ಚಿದಾಗಲೂ ತೆರೆದಾಗಲೂ ಆ ಹೊಲಿಗೆಯ ಕೆಲಸ ಒಂದೇ. ಮರೆಯಲ್ಲಿಯೂ ಚೆಲುವಾಗಿರುವುದು ನಿಜವಾದ ಅಲಂಕಾರದ ಲಕ್ಷಣವೆಂದು ಹೇಳಿದರೆ ತಪ್ಪಾಗದು.

ಪುಸ್ತಕದ ತಲೆಯಲ್ಲಿಯೂ ಬುಡದಲ್ಲಿಯೂ ಬೆನ್ನಿನ ತುದಿಗೆ ಕಾಣುವ ಬಣ್ಣದ ಸಣ್ಣ ಪಟ್ಟಿಯು ಇನ್ನೊಂದು ಉದಾಹರಣೆ. ಬೈಂಡಿನವರು ಇದನ್ನು ಹೆಡ್‌ಬ್ಯಾಂಡ್ ಎನ್ನುವರು. ಕಪಾಟಿನಿಂದ ಪುಸ್ತಕವನ್ನು ತೆಗೆಯುವವನು ಬೆರಳನ್ನು ಇಡುವುದು ಬೆನ್ನಿನ ತಲೆಯ ಮೇಲೆ. ಆ ಎಳೆತವನ್ನು ತಾಳುವುದಕ್ಕಾಗಿ ಮಧ್ಯಯುಗದ ಯುರೋಪಿನವರು ಹುರಿಯನ್ನೋ ಚರ್ಮದ ಎಳೆಯನ್ನೋ ಅಡ್ಡವಿಟ್ಟು, ದಾರದಿಂದ ಸುತ್ತಿ, ಮತ್ತೆ ಮತ್ತೆ ಫಾರಂಗಳ ಮಡಿಕೆಯೊಳಕ್ಕೆ ಇಳಿಸಿ ಬಿಗಿಯುತ್ತಿದ್ದರು. ಅರಬ್ಬೀ ಪಾರಸೀ ಗ್ರಂಥಗಳಲ್ಲಿ ಎರಡು ಬಣ್ಣದ ರೇಷ್ಮೆಯಿಂದ ತೆಳುವಾದ ಚರ್ಮದ ಪಟ್ಟಿಯ ಮೇಲೆ ಮೀನಿನ ಮುಳ್ಳಿನಂತಹ ಓರೆಗೆರೆಗಳನ್ನು ಹೆಣೆಯುತ್ತಿದ್ದರು. ಬಣ್ಣವಿದ್ದರೂ ಅದು ಕೆಲಸಗಾರನ ಬಣ್ಣ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಕಟ್ಟು ಹರಡಿದ ಮೇಲೆ ಪಟ್ಟಿ ಉಳಿಯಿತು, ಹೊಲಿಗೆ ಹೋಯಿತು. ಇಂದು ಮಾರಾಟಕ್ಕೆ ಬರುವ ರಟ್ಟಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗಜದ ಲೆಕ್ಕದಲ್ಲಿ ನೇಯ್ದ ರಿಬ್ಬನ್ನಿನ ತುಂಡು. ಅದನ್ನು ಅಂಟಿನಿಂದ ಮೆತ್ತಿರುತ್ತಾರೆ. ಉಗುರಿನಿಂದ ಎಬ್ಬಿಸಿದರೆ ಏಳುವುದು. ಎದ್ದರೆ ಪುಸ್ತಕಕ್ಕೆ ನಷ್ಟವೂ ಇಲ್ಲ. ಬೆನ್ನಿನ ಮೇಲಿನ ಅಡ್ಡ ಉಬ್ಬುಗಳ ಕಥೆಯೂ ಇದೇ. ಫಾರಂಗಳನ್ನು ದಪ್ಪ ಹುರಿಗಳ ಮೇಲೆ ಹೊಲಿದಾಗ ಆ ಹುರಿಗಳೇ ಚರ್ಮದಡಿಯಲ್ಲಿ ಉಬ್ಬಾಗಿ ತೋರುತ್ತಿದ್ದುವು. ಮುಂದೆ ಹುರಿಯನ್ನು ಬೆನ್ನಿನಲ್ಲಿ ಗರಗಸದಿಂದ ಕೊರೆದ ಕಚ್ಚಿನೊಳಗೆ ಅಡಗಿಸಿ, ಉಬ್ಬು ಬೇಕೆಂಬುವರಿಗಾಗಿ ರಟ್ಟಿನ ಚೂರುಗಳನ್ನು ಅಂಟಿಸತೊಡಗಿದರು. ಅರ್ಥ ಸತ್ತ ಮೇಲೆ ಉಳಿದ ಶಬ್ದಾಲಂಕಾರಕ್ಕೂ ಈ ಉಬ್ಬಿಗೂ ಭೇದವಿಲ್ಲ.

ಹೊಲಿಗೆಯನ್ನು ಬುದ್ಧಿಪೂರ್ವಕವಾಗಿ ಹೊರಗೆ ತೋರಿಸಿದವರೂ ಹಿಂದೆ ಉಂಟು. ಮಧ್ಯಯುಗದ ಕೊನೆಯಲ್ಲಿ ಜರ್ಮನ್ ಸೀಮೆಯ ಲೆಕ್ಕಪತ್ರಗಳ ಪುಸ್ತಕಗಳಿಗೆ ಮೆದುವಾದ ಚರ್ಮಪತ್ರದ ಹೊದಿಕೆಯಿರುತ್ತಿತ್ತು. ದಾರವು ಮಡಿಕೆಯಿಂದ ಹೊರಟು ಹೊದಿಕೆಯನ್ನೇ ಹಾಯ್ದು ಬೆನ್ನಿನ ಮೇಲೆ ಉದ್ದುದ್ದವಾಗಿ ಕಾಣುವುದು. ಚರ್ಮಪತ್ರವು ಹರಿಯದಿರಲೆಂದು ಬೆನ್ನಿಗೆ ಕೊಂಬಿನ, ಮರದ ಅಥವಾ ದಪ್ಪ ಚರ್ಮದ ತೂತುಳ್ಳ ಫಲಕವನ್ನು ಇಡುತ್ತಿದ್ದರು. ಆ ಉದ್ದನೆಯ ಎಳೆಗಳನ್ನು ಗುಂಪು ಕೂಡಿಸಿ ಹೆಣೆದಾಗ ಕಟ್ಟೂ ಬಿಗಿಯಾಯಿತು, ಚಿತ್ತಾರವೂ ಮೂಡಿತು. ಅಂಟನ್ನು ನೆಚ್ಚದೆ ದಾರವನ್ನೂ ಚರ್ಮಪತ್ರವನ್ನೂ ನೆಚ್ಚಿದ ಇಂತಹ ಮೆದುಹೊದಿಕೆಯ ಕಟ್ಟುಗಳ ವರ್ಗಕ್ಕೆ ಕಠಿಣವಾದ ಪರೀಕ್ಷೆಯೊಂದು ೧೯೬೬ರ ನವೆಂಬರ್ ೪ರಂದು ಒದಗಿತು. ಅಂದು ಆರ್ನೋ ನದಿಯು ಉಕ್ಕಿ ಫ್ಲಾರೆನ್ಸ್ ನಗರದ ರಾಷ್ಟ್ರೀಯ ಗ್ರಂಥಾಲಯದೊಳಕ್ಕೆ ನುಗ್ಗಿತು. ಪುಸ್ತಕಗಳನ್ನು ಉಳಿಸಲು ಇಂಗ್ಲೆಂಡಿನಿಂದ ಹೋದವರಲ್ಲಿ ಒಬ್ಬನಾದ ಕ್ರಿಸ್ಟೊಫರ್ ಕ್ಲಾರ್ಕ್‌ಸನ್ ಎಂಬಾತನು, ಮೆದುವಾದ ಚರ್ಮಪತ್ರದ ಹೊದಿಕೆಯುಳ್ಳ ಪುಸ್ತಕಗಳು ಉಳಿದವುಗಳಿಗಿಂತ ಚೆನ್ನಾಗಿ ನೀರನ್ನು ತಾಳಿದ್ದುದನ್ನು ಕಂಡನು. ಆ ಕಟ್ಟನ್ನು ಕುರಿತು ೧೯೮೨ರಲ್ಲಿ ಆತನು ಪ್ರಕಟಿಸಿದ ಪುಸ್ತಿಕೆಯು ಸಂರಕ್ಷಣೆಯ ಕೆಲಸದವರಿಗೆ ಪ್ರಮಾಣಗ್ರಂಥದಂತಾಯಿತು. ನೀರಿನಲ್ಲಿ ಅಂಟು ಕರಗುವುದು, ದಾರವು ಕರಗದು ಎಂಬ ಸರಳವಾದ ಸತ್ಯವೇ ಇಲ್ಲಿಯ ಪಾಠ.

ಅಂಚಿನ ಹೊಲಿಗೆಗೆ ಶ್ರೇಷ್ಠವಾದ ನಿದರ್ಶನವೆಂದರೆ ಚೀಣ ಜಪಾನುಗಳದು. ಅಲ್ಲಿ ತೆಳುವಾದ ಕಾಗದದ ಒಂದೇ ಮಗ್ಗುಲಿನಲ್ಲಿ ಅಚ್ಚು ಮಾಡಿ, ಮಡಿಕೆಯು ಹೊರ ಅಂಚಿಗೆ ಬರುವಂತೆ ಮಡಿಸಿ, ಬಿಡಿ ಅಂಚುಗಳನ್ನು ಬೆನ್ನಿನ ಕಡೆ ಹೊಲಿಯುವರು. ಸಾಮಾನ್ಯವಾದುದು ನಾಲ್ಕು ತೂತಿನ ಹೊಲಿಗೆ. ಜಪಾನೀ ಭಾಷೆಯಲ್ಲಿ ಯೊತ್ಸುಮೆ ತೋಜಿ. ದಾರವು ಹೋಗುವಾಗ ಒಂದೊಂದು ಎಡೆಯನ್ನು ಬಿಟ್ಟು ಸಾಗಿ, ಬರುವಾಗ ಬಿಟ್ಟ ಎಡೆಗಳನ್ನು ತುಂಬುವುದರಿಂದ ಎರಡು ಮಗ್ಗುಲುಗಳೂ ಒಂದೇ ಸಮನಾಗಿ ಕಾಣುವುವು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿಯ ಕೆಲಸವನ್ನು ಬಲ್ಲ ಹೆಣ್ಣುಮಕ್ಕಳಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಚೀಣದ ಕಾಂಗ್‌ಶೀ ಚಕ್ರವರ್ತಿಯ ಹೆಸರಿನಿಂದ ಕೋಕಿ ತೋಜಿ ಎನಿಸಿಕೊಂಡ ಹೊಲಿಗೆಯಲ್ಲಿ ಮೇಲೆ ಕೆಳಗೆ ಮೂಲೆಗಳಿಗೆ ಒಂದೊಂದು ತೂತು ಹೆಚ್ಚು. ಮೂಲೆಯು ಮಡಿಚದಂತೆ ಅದು ಹಿಡಿಯುವುದರಿಂದ ಆ ಹೆಚ್ಚಳಕ್ಕೆ ಕಾರಣವುಂಟು. ಭಂಗಿಯೆಲೆಯ ಹೊಲಿಗೆ, ಆಮೆಚಿಪ್ಪಿನ ಹೊಲಿಗೆಗಳಲ್ಲಿ ತೂತುಗಳ ಸಂಖ್ಯೆ ಇನ್ನೂ ಏರಿ ದಾರವು ಚಿತ್ತಾರವಾಗಿ ಕವಲೊಡೆಯುವುದು.

ಈ ಚಿತ್ತಾರಗಳು ಬರಿಯ ಆಡಂಬರವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ಜಪಾನಿನವರು ಹೊರಗಿನ ಹೊಲಿಗೆಗೆ ಮೊದಲೇ ಎಲೆಗಳನ್ನು ಹೊಸೆದ ಕಾಗದದ ಎಳೆಗಳಿಂದ ಒಳಗೆ ಕಟ್ಟಿರುತ್ತಾರೆ. ಹೊರಗಿನ ರೇಷ್ಮೆ ಹರಿದರೂ ಪುಸ್ತಕ ಚದರದು. ಹೊಸ ದಾರ ಹಾಕಿದರೆ ಸರಿಹೋಯಿತು. ಅವರ ಕಾಗದವು ಉದ್ದನೆಯ ನಾರಿನದು, ಬಟ್ಟೆಯಂತೆ ಬಾಗುವಂಥದು. ಅಂಚಿನಲ್ಲಿ ಹಿಡಿದರೂ ಎಲೆಯು ಮೃದುವಾಗಿ ಹೊರಳುವುದು. ಓಜಸ್ಸು ದಾರದಿಂದ ಬಂದರೆ ಪ್ರಸಾದವು ಕಾಗದದಿಂದ ಬಂದಿತು. ಇದೇ ಹೊಲಿಗೆಯನ್ನು ಇಂದಿನವರು ಗಡುಸಾದ ಯಂತ್ರದ ಕಾಗದಕ್ಕೆ ಹಾಕಿದಾಗ ಫಲವು ವಿಪರೀತ. ಪುಸ್ತಕವು ಬಾಯಿ ತೆರೆಯಲು ಒಪ್ಪದು. ಬಲವಂತವಾಗಿ ತೆರೆದರೆ ಎಲೆಯು ತೂತಿನ ಸಾಲಿನಲ್ಲಿ ಮುರಿಯುವುದು. ತೂತು ಹೆಚ್ಚಿದಷ್ಟೂ ಮುರಿಯುವುದು ಸುಲಭ. ಡಾಬನ್ನು ಕೊರಳಿಗೂ ಹಾರವನ್ನು ನಡುವಿಗೂ ತೊಟ್ಟವರನ್ನು ಕಂಡು ಯಾರು ತಾನೆ ನಗರು ಎಂಬ ಅಭಿಪ್ರಾಯವನ್ನು ಔಚಿತ್ಯವಿಚಾರದಲ್ಲಿ ಕ್ಷೇಮೇಂದ್ರನು ತಂದನು. ಒಡವೆಯಲ್ಲಿ ದೋಷವಿಲ್ಲ, ಒಡವೆಯಿಟ್ಟ ಎಡೆಯಲ್ಲಿ ದೋಷ.

ಎಡೆಯನ್ನು ಅರಿತು ಮಾಡಿದ ಕೆಲಸಕ್ಕೆ ಬೆಲ್ಜಿಯಮಿನ ಆನ್ ಗೋಯ್ ಎಂಬಾಕೆಯ ಕಟ್ಟು ಉದಾಹರಣೆ. ಜಪಾನೀ ಹೊಲಿಗೆಯ ಸೊಬಗು ಉಳಿಯಬೇಕು, ಪುಸ್ತಕವೂ ಪೂರ್ತಿಯಾಗಿ ತೆರೆಯಬೇಕು ಎಂಬ ಇಬ್ಬಗೆಯ ಬಯಕೆಯಿಂದ ಆಕೆ ೧೯೮೦ರ ದಶಕದಲ್ಲಿ ಇದನ್ನು ಕಲ್ಪಿಸಿದಳು. ಎರಡು ರಟ್ಟುಗಳೂ ಬೆನ್ನಿನ ಪಟ್ಟಿಯೂ ಮೂರು ಬಿಡಿ ತುಂಡುಗಳು. ಮೊದಲು ದಾರವು ರಟ್ಟಿನ ತೂತುಗಳಿಂದ ಬೆನ್ನಿನ ಪಟ್ಟಿಯ ಮೇಲೂ ಕೆಳಗೂ ಅಡ್ಡಹಾಯ್ದು ಮೂರನ್ನೂ ನೇಯುವುದು. ಆಮೇಲೆ ಫಾರಂಗಳನ್ನು ಮಡಿಕೆಯ ಮೂಲಕ ಆ ಅಡ್ಡದಾರಗಳಿಗೇ ಹೊಲಿಯುವರು. ಹೊರಗೆ ಕಾಣುವ ಚಿತ್ತಾರವೇ ಒಳಗಿನ ಆಧಾರ. ದೂರದೇಶದ ರೂಪವನ್ನು ನಕಲು ಮಾಡದೆ ತನ್ನ ಕಾಗದಕ್ಕೆ ತಕ್ಕಂತೆ ಆಕೆ ಅದನ್ನು ಮರುಹುಟ್ಟಿಸಿದಳೆಂಬುದು ಇಲ್ಲಿಯ ಹಿರಿಮೆ. ಈ ಕಟ್ಟು ಕೈಯಿಂದ ಕೈಗೆ ಹಬ್ಬುವಾಗ ಕರ್ತೃವಿನ ಹೆಸರು ಕಳಚಿಹೋಗಿ, ಬಹುಕಾಲ ಇದಕ್ಕೆ ಬೆಲ್ಜಿಯಮಿನ ಗುಪ್ತಬಂಧವೆಂಬ ಹೆಸರು ನಡೆಯಿತು. ಹಳೆಯ ಕಾಲದ್ದೆಂದು ನಂಬಿದವರೂ ಉಂಟು. ಹೊಲಿಗೆಯೂ ಕೃತಿಯೇ, ಅದಕ್ಕೂ ಅಂಕಿತ ಸಲ್ಲಬೇಕು.

ಇನ್ನು ಉಳಿದುದು ಪ್ರದರ್ಶನಕ್ಕಾಗಿಯೇ ಹುಟ್ಟಿದ ಹೊಲಿಗೆಗಳ ಮಾತು. ಕಂಬಳಿಹುಳುವಿನಂತಹ ಹೊಲಿಗೆಯಲ್ಲಿ ಫಾರಂಗಳನ್ನು ಹಿಡಿಯಲು ಬೇಕಾದ ಸುತ್ತುಗಳ ಮೇಲೆ ಆಕಾರಕ್ಕಾಗಿ ಇನ್ನಷ್ಟು ಸುತ್ತುಗಳನ್ನು ಪೇರಿಸುವರು. ಬೆನ್ನಿನಿಂದ ಉಬ್ಬಿದ ದಾರವು ಕಪಾಟಿನಲ್ಲಿ ಮೊದಲು ಸವೆಯುವುದು. ಆನಂದಕ್ಕಾಗಿ ಮಾಡಿದುದನ್ನು ಉಪಯೋಗದ ತಕ್ಕಡಿಯಲ್ಲಿ ಏಕೆ ತೂಗಬೇಕೆಂದು ಆಕ್ಷೇಪಿಸಬಹುದು. ಕಾವ್ಯದಲ್ಲಿಯೂ ಪದ್ಮಬಂಧ, ಮುರಜಬಂಧ, ಗೋಮೂತ್ರಿಕೆಗಳಿಲ್ಲವೆ? ಇವೆ. ಮಮ್ಮಟನು ಚಿತ್ರವನ್ನು ಕಾವ್ಯದ ಕೊನೆಯ ತರಗತಿಯಲ್ಲಿಟ್ಟನು. ಕಾವ್ಯವಲ್ಲವೆಂದು ಹೊರಗೆ ಹಾಕಲಿಲ್ಲ. ಭಾರವಿಯ ಹದಿನೈದನೆಯ ಸರ್ಗದಲ್ಲಿಯೂ ಮಾಘನ ಹತ್ತೊಂಬತ್ತನೆಯ ಸರ್ಗದಲ್ಲಿಯೂ ಚಿತ್ರಬಂಧಗಳು ರಾಶಿಯಾಗಿರುವುದು ಯುದ್ಧದ ನಡುವೆ. ವ್ಯೂಹಗಳನ್ನು ಹೂಡುವ ಎಡೆಯಲ್ಲಿ ಅಕ್ಷರಗಳೂ ವ್ಯೂಹವಾದರೆ ಸಹಿಸಬಹುದು. ಹಾಗೆಯೇ ಬರೆಯದ ಹಾಳೆಗಳ ಪುಸ್ತಕಕ್ಕೆ, ಮದುವೆಮನೆಯಲ್ಲಿ ಅತಿಥಿಗಳು ಸಹಿಹಾಕುವ ಪುಸ್ತಕಕ್ಕೆ, ಭಾವಚಿತ್ರಗಳನ್ನು ಅಂಟಿಸುವ ಆಲ್ಬಮ್ಮಿಗೆ ಅಂತಹ ಹೊಲಿಗೆ ಇರಲಿ. ದಿನವೂ ಪಾರಾಯಣ ಮಾಡುವ ಭಾರತಕ್ಕೆ, ಮಕ್ಕಳು ತಿರುವಿಹಾಕುವ ನಿಘಂಟಿಗೆ ಅದು ಬೇಡ.

ಈ ವಿಚಾರವು ಕನ್ನಡ ಮನೆಗಳಿಗೆ ದೂರದ ಮಾತಲ್ಲ. ಮಾಸಪತ್ರಿಕೆಯ ಹನ್ನೆರಡು ಸಂಚಿಕೆಗಳನ್ನು ವರ್ಷದ ಕೊನೆಗೆ ಒಂದು ಸಂಪುಟವಾಗಿ ಕಟ್ಟಿಸುವುದು ಓದುವ ಮನೆತನಗಳ ಹಳೆಯ ರೂಢಿ. ಸಾಮಾನ್ಯವಾಗಿ ಆಗುವುದೇನು? ಹನ್ನೆರಡನ್ನೂ ಒಟ್ಟಿಗೆ ಜೋಡಿಸಿ, ಅಂಚಿನಿಂದ ಒಳಕ್ಕೆ ದಬ್ಬಣದಿಂದ ಮೂರು ತೂತು ಹೊಡೆದು, ಹುರಿ ಬಿಗಿದು, ಮೈಲುತುತ್ತ ಬೆರೆಸಿದ ಮೈದಾ ಅಂಟನ್ನು ಬಳಿದು, ಮೂರು ಕಡೆ ಕತ್ತರಿಸಿ, ಕ್ಯಾಲಿಕೋ ಹೊದಿಸಿ ಕೊಡುವರು. ಹೊರಗೆ ಚಿನ್ನದ ಅಕ್ಷರ. ಒಳಗೆ ಸಾಲಿನ ಮೊದಲೆರಡು ಅಕ್ಷರಗಳು ಹೊಲಿಗೆಯ ಕಣಿವೆಯಲ್ಲಿ ಹೂತುಹೋಗಿರುತ್ತವೆ. ಬಿಗಿಯಿದೆ, ಪ್ರಸಾದವಿಲ್ಲ. ಹತ್ತು ಇಪ್ಪತ್ತು ವರ್ಷಗಳಲ್ಲಿ ಕಾಗದ ಒರಟಾದ ಮೇಲೆ, ಓದಲು ಬಲವಾಗಿ ತೆರೆದ ಮನೆಯ ಹುಡುಗನೇ ಎಲೆಯನ್ನು ಮುರಿದವನಾಗುವನು. ಬೇರೆಲ್ಲಿಯೂ ಮರುಮುದ್ರಣ ಕಾಣದ ಲೇಖನವು ಹಾಗೆಯೇ ತುಂಡಾಗಿ ನಾಶವಾಗುವುದು.

ಇದಕ್ಕೆ ಪ್ರತೀಕಾರ ಕಷ್ಟದ್ದಲ್ಲ. ಹಲವು ಪತ್ರಿಕೆಗಳ ಸಂಚಿಕೆಯು ನಡುವೆ ಪಿನ್ನು ಹೊಡೆದ ಒಂದೇ ಫಾರಮಾಗಿರುವುದು. ಹನ್ನೆರಡು ಸಂಚಿಕೆಗಳೆಂದರೆ ಹನ್ನೆರಡು ಫಾರಂಗಳು. ತುಕ್ಕು ಹಿಡಿಯುವ ಪಿನ್ನುಗಳನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಅವು ಮಾಡಿದ ತೂತುಗಳ ಜೊತೆಗೆ ಮೇಲೆ ಕೆಳಗೆ ಒಂದೊಂದನ್ನು ಸೇರಿಸಿ, ಜೇನುಮೇಣ ಸವರಿದ ಗಟ್ಟಿ ದಾರದಿಂದ ಮಡಿಕೆಯ ಮೂಲಕ ಕೋಪ್ಟರ ಸರಪಣಿಯನ್ನು ಹಾಕಿದರೆ ಸಂಪುಟವು ಕೊನೆಯ ಅಕ್ಷರದವರೆಗೂ ತೆರೆಯುವುದು. ಕಸೂತಿಯ ಅಭ್ಯಾಸವುಳ್ಳ ಕೈಗೆ ಇದು ಒಂದು ಮಧ್ಯಾಹ್ನದ ಕೆಲಸ. ಬೈಂಡಿನವನಿಂದಲೇ ಮಾಡಿಸುವುದಾದರೆ, ಅಂಚಿನಲ್ಲಿ ಚುಚ್ಚಬೇಡ, ಮಡಿಕೆಯಲ್ಲಿ ಹೊಲಿ, ಒಳಭಾಗವನ್ನು ಕತ್ತರಿಸಬೇಡ ಎಂದು ಮೊದಲೇ ಹೇಳಿ ಕೂಲಿಯನ್ನು ತುಸು ಹೆಚ್ಚಾಗಿ ಕೊಟ್ಟರೆ ಸಾಕು. ಈಗಾಗಲೇ ಒರಟಾಗಿ ಪುಡಿಯಾಗುತ್ತಿರುವ ಹಳೆಯ ಸಂಚಿಕೆಗಳಿಗೆ ಮಾತ್ರ ಯಾವ ಹೊಲಿಗೆಯೂ ಬೇಡ. ಬಟ್ಟೆಯಲ್ಲಿ ಸುತ್ತಿ ಎರಡು ರಟ್ಟುಗಳ ನಡುವೆ ಕಟ್ಟಿಡುವುದೇ ಲೇಸು. ಓಲೆಗರಿಯ ಕಾಲದವರು ಮಾಡುತ್ತಿದ್ದುದೂ ಅದನ್ನೇ.

ಹೊಲಿಗೆಯ ಅಲಂಕಾರವನ್ನು ನಿಂದಿಸುವುದು ಈ ವಿಮರ್ಶೆಯ ತಾತ್ಪರ್ಯವಲ್ಲ. ಕೋಪ್ಟರ ಸರಪಣಿ, ಜರ್ಮನರ ಉದ್ದಹ��ಲಿಗೆ, ಜಪಾನಿನ ರೇಷ್ಮೆಯ ಎಳೆ, ಗೋಯ್‌ಳ ಅಡ್ಡದಾರ ಇವೆಲ್ಲವೂ ಚೆಲುವಾದುವೇ. ಇವುಗಳ ಚೆಲುವು ಕೆಲಸದಿಂದ ಹುಟ್ಟಿತು, ಕೆಲಸ ನಡೆಯುವವರೆಗೂ ಉಳಿಯುವುದು. ಹೊಸ ಹೊಲಿಗೆಯೊಂದು ಕಣ್ಣಿಗೆ ಬಿದ್ದಾಗ ಪುಸ್ತಕವನ್ನು ಮೇಜಿನ ಮೇಲೆ ನಡುವೆ ತೆರೆದಿಟ್ಟು ಕೈಯನ್ನು ಹಿಂದೆಗೆದುಕೊಂಡರೆ, ಅದು ಮಲಗುವುದೋ ಮುಚ್ಚಿಕೊಳ್ಳುವುದೋ ತಿಳಿಯುವುದು. ಬಣ್ಣವನ್ನು ಕುರಿತ ಮಾತು ಆಮೇಲೆ.